ತಲೆಗೆ ಕಪ್ಪು ಬಿಟ್ಟ ಮೇಲೆ ಮನೆಯಲ್ಲಿ ಕಂಡ ಕೆಂಪು

ನಮ್ಮ ಮನೆತನದಲ್ಲಿ ಓದುವ ಖಾತೆ ನನ್ನದು. ಜಂಬಕ್ಕೆ ಹೇಳುವ ಮಾತಲ್ಲ, ಬೇರೆ ಯಾರೂ ಆ ಖಾತೆಗೆ ಅರ್ಜಿ ಹಾಕಿರಲಿಲ್ಲ. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ನಮ್ಮಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಅವನಪ್ಪನೂ ಒತ್ತುತ್ತಿದ್ದ. ಅದಕ್ಕೂ ಹಿಂದಿನವರ ಹೆಬ್ಬೆಟ್ಟನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಅಂಥ ವಂಶದಲ್ಲಿ ನಾನು ತೊಗರಿ ಹೊಲದ ಕಳೆ ಕೀಳುತ್ತ, ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗಿಬರುತ್ತ, ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಎದ್ದು ಬಿ.ಎ. ಪಾಸಾದೆ. ಅಂದಿನಿಂದ ಸೊಸೈಟಿಯ ನೋಟೀಸು, ಔಷಧದ ಡಬ್ಬಿ, ಕರೆಂಟ್ ಬಿಲ್ಲು, ಎಲ್ಲವೂ ನನ್ನ ಮುಂದೆ ಬಂದು ಕೈಕಟ್ಟಿ ನಿಲ್ಲತೊಡಗಿದವು. ನಾನು ಮೇಲಿನ ನಾಲ್ಕು ಸಾಲು ಓದುತ್ತಿದ್ದೆ. ಉಳಿದದ್ದು ತಾನಾಗಿ ಅರ್ಥವಾಗಿಬಿಡುತ್ತಿತ್ತು. ಓದಿದವನ ಲಕ್ಷಣವೇ ಅದು ಎಂದು ತಿಳಿದಿದ್ದೆ.

ಈಗ ಬೀದರಿನ ಚಿದ್ರಿಯಲ್ಲಿ ಮನೆ, ಕೊಳಾರದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ. ಮಗಳ ಮದುವೆಯಾಗಿದೆ. ಮನೆಯಲ್ಲಿ ನಾನು ಮತ್ತು ಹೆಂಡತಿ ಮಹಾದೇವಿ, ಇಬ್ಬರೇ. ಈ ‘ಇಬ್ಬರೇ’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಅದು ನನ್ನ ಜೀವ ಹಿಂಡಲಿದೆ.

ತಿಂಗಳಿಗೊಂದು ಭಾನುವಾರ ನಾನು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ. ಒಂದು ಪೊಟ್ಟಣ ಕಪ್ಪು ಪುಡಿಯನ್ನು ಸ್ಟೀಲ್ ಬಟ್ಟಲಿನಲ್ಲಿ ಕಲೆಸಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಬಳಿಯುವುದು. ನನ್ನ ತಲೆಯಲ್ಲಿ ಬೆಳೆ ಕಡಿಮೆ, ಬೀಳು ಜಾಸ್ತಿ. ಹೀಗಾಗಿ ಪ್ರತಿ ಸಲವೂ ಅರ್ಧ ಬಟ್ಟಲು ಉಳಿಯುತ್ತಿತ್ತು. ಅದನ್ನು ಮಹಾದೇವಿ ಒಳಗೆ ಒಯ್ದು ಚೆಲ್ಲುತ್ತಿದ್ದಳು. ಚೆಲ್ಲುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳ ಕೂದಲು ಮಾತ್ರ ಈ ವಯಸ್ಸಿನಲ್ಲೂ ಕಾಡಿಗೆಯಂತೆ ಕಪ್ಪು. ಗೋದಾಮಿನಲ್ಲಿ ನಾನು ಎಷ್ಟೋ ಸಲ ಎದೆಯುಬ್ಬಿಸಿ ಹೇಳಿದ್ದುಂಟು: ನಮ್ಮ ಮನೆಯವಳದು ಹುಟ್ಟುಗಪ್ಪು, ಅವಳ ತವರಿನ ನೀರಿನ ಗುಣವೇ ಅಂಥದು.

ಒಂದು ಸಂಜೆ ಚಹಾ ಕುಡಿಯುತ್ತ ಫೋನು ನೋಡುತ್ತಿದ್ದೆ. ಒಂದು ಲೇಖನ ಕಣ್ಣಿಗೆ ಬಿತ್ತು: ‘ಕೂದಲಿಗೆ ಬಣ್ಣ ಹಚ್ಚಿದರೆ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆಯೇ?’ ಕೊನೆಗೆ ಪ್ರಶ್ನೆಯ ಚಿಹ್ನೆ ಇತ್ತು, ನಿಜ. ಆದರೆ ಅಂಜಿದ ಮನುಷ್ಯನಿಗೆ ಅದು ಮೀನಿನ ಗಾಳದಂತೆ ಕಾಣುತ್ತದೆ. ನನ್ನ ಗಂಟಲಿಗೆ ಸರಿಯಾಗಿ ಸಿಕ್ಕಿಕೊಂಡಿತು. ಬಣ್ಣದಲ್ಲಿರುವ ಕೆಲವು ರಾಸಾಯನಿಕಗಳು ತಲೆಯ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತವೆ, ಹೊರಗೆ ಹೋಗುವ ದಾರಿಯಲ್ಲಿ ಮೂತ್ರಕೋಶದಲ್ಲಿ ತಂಗುತ್ತವೆ ಎಂದಿತ್ತು. ಈ ಕಾಯಿಲೆಯ ಮೊದಲ ಸೂಚನೆ ಅನೇಕ ಸಲ ಒಂದೇ: ನೋವಿಲ್ಲದೆ, ಸದ್ದಿಲ್ಲದೆ, ಮೂತ್ರದಲ್ಲಿ ರಕ್ತ.

ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಫೋನು ಕೆಳಗಿಟ್ಟು, ಮನಸ್ಸು ತಹಬಂದಿಗೆ ಬರಲೆಂದು ಹೊರಗೆ ಹೋಗಿ ಒಂದು ಬೀಡಿ ಹಚ್ಚಿದೆ. ಲೇಖನ ಇನ್ನೂ ಅರ್ಧ ಬಾಕಿ ಇತ್ತು. ಇರಲಿ, ಅರ್ಥವಾಯಿತು.

ಮುಂದಿನ ಭಾನುವಾರ ಬಂತು. ಪುಡಿ ತರಲಿಲ್ಲವೇ ಎಂದು ಮಹಾದೇವಿ ಕೇಳಿದಳು. ಇನ್ನು ಸಾಕು, ವಯಸ್ಸಿಗೆ ತಕ್ಕ ಹಾಗೆ ಇರಬೇಕು ಎಂದೆ.

“ಪೂರಾ ಬಿಟ್ರೇನು?”

“ಪೂರಾ.”

ಅವಳ ಮುಖ ಕಪ್ಪಿಟ್ಟಿತು. ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದಳು. ಗಂಡನ ಯೌವನ ಹೋಯಿತಲ್ಲ ಎಂಬ ದುಃಖ ಇರಬೇಕು ಅಂದುಕೊಂಡೆ. ಎಂಥ ಪ್ರೀತಿ!

ತಲೆ ಬೆಳ್ಳಗಾಗತೊಡಗಿತು. ಮೊದಲು ಮೀಸೆ, ಆಮೇಲೆ ಕಿವಿಯ ಪಕ್ಕ, ಆಮೇಲೆ ಇದ್ದಷ್ಟೂ. ಬಸ್ಸಿನಲ್ಲಿ ನನಗಿಂತ ಹಿರಿಯರು “ಕೂಡ್ರಿ ಕಾಕಾ” ಎಂದು ಎದ್ದು ಜಾಗ ಕೊಟ್ಟರು. ಇದನ್ನೆಲ್ಲ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಕನ್ನಡಿ. ಒಂದು ಮುಂಜಾನೆ ಮುಖ ಒರೆಸಿಕೊಂಡು ಕನ್ನಡಿಯತ್ತ ತಿರುಗಿದೆ. ಅದರಲ್ಲಿ ಅಪ್ಪ ಇದ್ದ.

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅದೇ ಹಣೆ, ಅದೇ ಬಿಳಿ ಮೀಸೆ, ಏನೋ ಹೇಳಲು ಬಂದು ಬಾಯಿ ಮುಚ್ಚಿಕೊಂಡ ಅದೇ ಭಾವ. ನಾನು ಧೈರ್ಯ ಮಾಡಿ ಬಲಗೈ ಎತ್ತಿದೆ. ಅವನು ಎಡಗೈ ಎತ್ತಿದ. ಕನ್ನಡಿಯ ಧರ್ಮವೇ ಅದು ಎಂದು ಬಿ.ಎ. ಓದಿದ ನನಗೆ ಗೊತ್ತು. ಆದರೆ ಅಪ್ಪ ಎಡಚನಾಗಿದ್ದ ಎಂಬುದೂ ಗೊತ್ತು. ಟವೆಲ್ಲನ್ನು ಕನ್ನಡಿಯ ಮೇಲೆ ಹೊದಿಸಿ ಕೆಲಸಕ್ಕೆ ಹೋದೆ.

ಅದಾದ ಕೆಲವೇ ದಿನಕ್ಕೆ ಕೆಂಪು ಕಂಡಿತು.

ನಮ್ಮ ಮನೆಯಲ್ಲಿ ಬಚ್ಚಲು, ಪಾಯಖಾನೆ ಎರಡೂ ಒಂದೇ ಕೋಣೆ. ಗೋಡೆಯ ಮೇಲ್ಗಡೆ ಅಂಗೈಯಷ್ಟು ಕಿಟಕಿ. ಲೇಖನ ಓದಿದ ದಿನದಿಂದ ನನಗೆ ಆ ಕೋಣೆಯಲ್ಲಿ ಕೆಳಗೆ ನೋಡುವ ಧೈರ್ಯ ಇರಲಿಲ್ಲ. ಮುಂಜಾನೆ ಹೋಗುವುದು, ಕಣ್ಣು ಮುಚ್ಚಿ ಕೆಲಸ ಮುಗಿಸುವುದು, ಕಣ್ಣು ಮುಚ್ಚಿಯೇ ನೀರು ಸುರಿದು ಹೊರಗೆ ಬರುವುದು. ಆ ದಿನ ತಂಬಿಗೆ ಕೈಗೆ ಸಿಗಲಿಲ್ಲ. ಹುಡುಕಲು ಕಣ್ಣು ತೆರೆದೆ. ಬಿಳಿ ಕಲ್ಲಿನ ಮೇಲೆ ಕಂದುಗೆಂಪು ಎಳೆ, ನೆಲದ ಅಂಚಿಗೆ ಒಣಗಿದ ಹನಿ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಕಿಟಕಿಯಿಂದ ಇಳಿದ ಬೂದು ಬೆಳಕಿನಲ್ಲಿ ಆ ಹನಿಗಳು ಬಾಗಿಲಿನ ಕಡೆ ಒಂದರ ಹಿಂದೆ ಒಂದು ನಡೆದುಕೊಂಡು ಹೋದಂತಿದ್ದವು.

ನೋವಿರಲಿಲ್ಲ. ಸದ್ದಿರಲಿಲ್ಲ. ಲೇಖನದಲ್ಲಿ ಹೇಳಿದ ಹಾಗೆಯೇ.

ಅಂದಿನಿಂದ ಬೀಡಿ ಎರಡು ಪಟ್ಟಾಯಿತು. ಚಿಂತೆ ಇರುವ ಮನುಷ್ಯನಿಗೆ ಏನಾದರೂ ಆಸರೆ ಬೇಕಲ್ಲ.

ಕೆಂಪಿನ ಹಿಂದೆಯೇ ವಾಸನೆ ಬಂತು. ಕೆಲವು ದಿನ ಮನೆಯೊಳಗೆ ಕಾಲಿಟ್ಟರೆ ಸಾಕು, ಅರೆದ ಹಸಿ ಎಲೆ ಮತ್ತು ಒದ್ದೆ ಮಣ್ಣು ಕೂಡಿದಂಥ ವಾಸನೆ. ಎಲ್ಲಿಯೋ ಮೂಸಿದ ನೆನಪು. ಎಲ್ಲಿ ಎಂಬುದು ನೆನಪಾದಾಗ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಣಿ ತೋಡಿ, ಒಳಗೆ ಕುಳ್ಳಿರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಕೊಡುತ್ತೇವೆ. ಮೆಹಕರದ ಹೊಲದಲ್ಲಿ ಅಪ್ಪನನ್ನು ಕುಳ್ಳಿರಿಸಿದ ದಿನ ಗುಣಿಯೊಳಗಿಂದ ಎದ್ದು ಬಂದದ್ದು ಇದೇ ವಾಸನೆ. ಈಗ ಅದು ನನ್ನ ಮನೆಯಲ್ಲಿ, ನನ್ನ ಹಾಸಿಗೆಯಲ್ಲಿ, ನನ್ನ ಪಕ್ಕದಲ್ಲೇ ಇತ್ತು.

ಪಕ್ಕದಲ್ಲಿ ಮಹಾದೇವಿ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಚಳಿಗಾಲ, ಥಂಡಿ ಎನ್ನುತ್ತಿದ್ದಳು. ಆದರೆ ಹಗಲಿನಲ್ಲೂ ಸೆರಗು ತಲೆಯಿಂದ ಇಳಿಯುತ್ತಿರಲಿಲ್ಲ. ಮನೆಯೊಳಗೆ ಯಾವತ್ತೂ ತಲೆಯ ಮೇಲೆ ಸೆರಗು ಹೊದ್ದವಳಲ್ಲ. ನಾನು ಹತ್ತಿರ ಹೋದರೆ ಸರಿದು ನಿಲ್ಲುತ್ತಿದ್ದಳು. ನಾನು ಕೊಳಾರದಿಂದ ಬರುವ ಹೊತ್ತಿಗೆ ಪಕ್ಕದ ಮನೆಯ ಖೈರುನ್ ಆಪಾರ ಅಂಗಳದಿಂದ ಲಗುಬಗೆಯಲ್ಲಿ ಓಡಿ ಬರುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿದೆ, ಗಂಡ ಸಾಯುವ ಮೊದಲೇ ವಿಧವೆಯ ಬಾಳನ್ನು ಅಭ್ಯಾಸ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಂದಾಲೋಚನೆಯ ಹೆಣ್ಣು.

ಇಷ್ಟಾದರೂ ನಾನು ಗಟ್ಟಿಯಾಗಿಯೇ ಇದ್ದೆ. ಮುರಿದದ್ದು ಒಂದು ಸೋಮವಾರ ಮುಂಜಾನೆ. ಬಚ್ಚಲಿನ ಬಾಗಿಲ ಚಿಲಕದ ಪಕ್ಕದಲ್ಲಿ, ಸುಣ್ಣದ ಗೋಡೆಯ ಮೇಲೆ, ಕಂದುಗೆಂಪು ಬಣ್ಣದಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಒತ್ತಿತ್ತು.

ಹೆಬ್ಬೆಟ್ಟು ಎಂದರೆ ನಮ್ಮ ಮನೆತನದ ಸಹಿ. ಅಪ್ಪ ಬಂದಿದ್ದಾನೆ, ಬಂದದ್ದಕ್ಕೆ ರುಜು ಹಾಕಿದ್ದಾನೆ.

ಬಿ.ಎ. ಪದವೀಧರನಾಗಿ ನಾನು ಇದನ್ನು ವಿಚಾರವಂತಿಕೆಯಿಂದ ಎದುರಿಸಲು ನಿರ್ಧರಿಸಿದೆ. ಕಾಯಿಲೆಗಳು ವಂಶದಲ್ಲಿ ಹರಿಯುತ್ತವೆ ಎಂದು ಯಾವುದೋ ಲೇಖನದ ಮೇಲಿನ ನಾಲ್ಕು ಸಾಲಿನಲ್ಲಿ ಓದಿದ್ದೆ. ಅಪ್ಪ ಯಾವುದರಿಂದ ಸತ್ತ ಎಂಬುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಜ್ವರ ಎಂದರು, ವಾಯು ಎಂದರು, ಡಾಕ್ಟರು ಬರುವುದರೊಳಗೆ ಮುಗಿದಿತ್ತು. ಗೊತ್ತಿದ್ದರೆ ಗುರಮ್ಮತ್ತೆಗೆ ಗೊತ್ತಿರಬೇಕು. ಅಪ್ಪನ ತಂಗಿ. ಔರಾದದಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಗೋದಾಮಿನ ಕೆಲಸವಿದೆ ಎಂದು ಮಹಾದೇವಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಥಂಡಿ ಜೋರಿತ್ತು. ಸಂದೂಕಿನಲ್ಲಿದ್ದ ಅಪ್ಪನ ಹಳೆಯ ಶಾಲು ಹೊದ್ದುಕೊಂಡಿದ್ದೆ. ಆ ಕ್ಷಣಕ್ಕೆ ಅದು ಬರೀ ಶಾಲು ಎಂದುಕೊಂಡಿದ್ದೆ.

ಬಸ್ಸು ತಡವಾಗಿ, ಔರಾದ ಮುಟ್ಟುವಾಗ ಹೊತ್ತು ಮುಳುಗಿತ್ತು. ಕರೆಂಟು ಹೋಗಿತ್ತು. ಅತ್ತೆಯ ಮನೆಯ ಬಾಗಿಲು ತೆರೆದಿತ್ತು. ಮಗ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ, ಸೊಸೆ ಎಲ್ಲೋ ಹೊರಗೆ ಹೋಗಿದ್ದಳು. ಪಡಸಾಲೆಯಲ್ಲಿ ಒಂದು ದೀಪ, ಅದರ ಪಕ್ಕ ಅತ್ತೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗೆ ಇರುವುದು ಮನುಷ್ಯ ಎಂದು ತಿಳಿಯುತ್ತದೆ, ಯಾವ ಮನುಷ್ಯ ಎಂದು ತಿಳಿಯುವುದಿಲ್ಲ. ನಾನು ಬಗ್ಗಿ ಕಾಲು ಮುಟ್ಟಿದೆ. ಅವಳ ಕೈ ನನ್ನ ಬಿಳಿ ತಲೆಯನ್ನು ಸವರಿ, ಹಣೆ ಸವರಿ, ಹೆಗಲಿಗೆ ಇಳಿದು ಶಾಲಿನ ಅಂಚನ್ನು ಹಿಡಿಯಿತು. ಅಲ್ಲಿ ಒಂದು ಕಡೆ ಹರಿದು ಹೊಲಿದ ಗಂಟು ಇದೆ. ಹೊಲಿದವಳು ಅವಳೇ. ಬೆರಳು ಆ ಗಂಟಿನ ಮೇಲೆ ನಿಂತಿತು.

“ಬಂದಿಯಾ ಅಣ್ಣಾ,” ಎಂದಳು. “ಕೂಡು.”

ಅಪ್ಪ ಅಲ್ಲ ಅತ್ತೀ, ನಾನು ಶಿವರಾಜ ಎನ್ನಬೇಕಿತ್ತು. ಆದರೆ ಅವಳು ಅದನ್ನು ಎಷ್ಟು ಸಾದಾ ಹೇಳಿದಳೆಂದರೆ, ಬಾಜೂ ಮನೆಯಿಂದ ಮೊಸರಿಗೆ ಬಂದವರನ್ನು ಮಾತಾಡಿಸಿದ ಹಾಗಿತ್ತು. ನಾನು ಕೂತೆ.

“ನನ್ನ ಕರಕೊಂಡ್ ಹೋಗಾಕ ಬಂದೀಯೇನು?”

“ಇಲ್ಲ,” ಎಂದೆ. ಬೀಡಿಯಿಂದ ಗಂಟಲು ಒಡೆದಿತ್ತು. ಹೊರಗೆ ಬಂದದ್ದು ಅಪ್ಪನ ದನಿ.

“ಹಂಗಾದ್ರ ಯಾರನ್ನ ಕರಕೊಂಡ್ ಹೋಗ್ತಿ?”

ದೀಪ ಒಮ್ಮೆ ಕುಗ್ಗಿ ಮತ್ತೆ ನಿಂತಿತು. ನನಗೆ ಗೊತ್ತಿದ್ದ ಉತ್ತರ ಒಂದೇ, ಅದು ನನ್ನ ಎದೆಯೊಳಗೇ ಬಡಿದುಕೊಳ್ಳುತ್ತಿತ್ತು.

ಅತ್ತೆ ಮಾತ್ರ ಆರಾಮಾಗಿ ಕುಶಲ ಕೇಳಿದಳು. ಇಷ್ಟು ವರ್ಷ ಕೂತು ಕೂತು ಸೊಂಟ ಹಿಡಿದಿರಬೇಕಲ್ಲ ಎಂದು ಮರುಗಿದಳು. ಅಲ್ಲಿಯೂ ಇಷ್ಟೇ ಥಂಡಿ ಉಂಟೇ ಎಂದು ಕೇಳಿದಳು. ಬಂದ ಕೆಲಸ ಮರೆಯಬಾರದು ಎಂದು ನಾನು ಧೈರ್ಯ ತಂದುಕೊಂಡೆ. ಆದರೆ ಈಗ ಅದನ್ನು ಕೇಳುವ ದಾರಿ ಒಂದೇ ಉಳಿದಿತ್ತು.

“ತಂಗೀ, ನಾ ಯಾತರಿಂದ ಸತ್ತೆ?”

“ನಿನಗ ಗೊತ್ತಿಲ್ಲೇನು?” ಅತ್ತೆಗೆ ನಿಜಕ್ಕೂ ಆಶ್ಚರ್ಯವಾಯಿತು. “ವಯಸ್ಸಾಗಿತ್ತು, ಹೋದಿ. ಎಲ್ಲಾರೂ ಹೋಗ್ತಾರ.”

“ಕಡೀಕ ಒಂದಕ್ಕ ಕೆಂಪ ಹೋಗ್ತಿತ್ತೇನು?”

ಅತ್ತೆ ಬೆನ್ನು ನೆಟ್ಟಗೆ ಮಾಡಿದಳು. “ಅದನ್ನ ನಾ ಯಾಕ ನೋಡಾಕ ಬರ್ಲಿ? ಸತ್ತ ಮ್ಯಾಲ ನಾಚಿಕಿನೂ ಬಿಟ್ಟೀಯೇನು ನೀ?”

ಆಮೇಲೆ ಸ್ವಲ್ಪ ಸಮಾಧಾನವಾಗಿ ಮಗನ ಸುದ್ದಿ ತೆಗೆದಳು. ಮಗ ಎಂದರೆ ನಾನು. ಮನುಷ್ಯ ಒಳ್ಳೆಯವನಂತೆ. ಯಾವುದನ್ನೂ ಪೂರಾ ಕೇಳುವುದಿಲ್ಲವಂತೆ, ಪೂರಾ ಓದುವುದಿಲ್ಲವಂತೆ. ಕಣ್ಣಿನ ಆಪರೇಷನ್ ಕ್ಯಾಂಪಿನ ಚೀಟಿಯನ್ನು ಅವನೇ ಓದಿ ಇಂಥ ಶಾಲೆಗೆ ಹೋಗು ಎಂದನಂತೆ. ಜಾಗ ಬದಲಾಗಿದೆ ಎಂದು ಹಿಂದಿನ ಬದಿಗೆ ಬರೆದಿತ್ತಂತೆ. “ಮುಚ್ಚಿದ ಸಾಲಿ ಮುಂದ ಸಂಜೀತನಕ ಕುಂತು ಬಂದೀವಿ. ಅವನ ಮುಂದ ಹೇಳಿಲ್ಲ. ಬಿ.ಎ. ಓದ್ಯಾನ, ಮನಸಿಗಿ ಹಚ್ಚಕೋತಾನ.”

ಸತ್ತವರಾದರೂ ಇಷ್ಟು ನಿಜ ಕೇಳಿಸಿಕೊಳ್ಳಬೇಕಾಗಿ ಬಂದರೆ ಮತ್ತೊಮ್ಮೆ ಸಾಯುತ್ತಾರೆ. ಓಣಿಯಲ್ಲಿ ಸೊಸೆಯ ದನಿ ಕೇಳಿಸಿತು. ನಾನು ಗಡಬಡಿಸಿ ಎದ್ದು, ಬರ್ತೀನಿ ಎಂದೆ.

“ಬರ್ತೀನಿ ಅನಬ್ಯಾಡ ಅಣ್ಣಾ,” ಅತ್ತೆ ಮೆಲ್ಲಗೆ ಅಂದಳು. “ನೀ ಹೋಗ್ತೀನಿ ಅನು.”

ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಎನ್ನಬಾರದೆಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದವಳು ಇದೇ ಅತ್ತೆ. ಹೋಗ್ತೀನಿ ಎಂದು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬಸ್ ನಿಲ್ದಾಣದವರೆಗೆ ಹಿಂತಿರುಗಿ ನೋಡದೆ ನಡೆದೆ.

ಮರುದಿನ ಭಾಲ್ಕಿಗೆ ಹೋದೆ. ಬೀದರಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಆದರೆ ಅಲ್ಲಿ ನನ್ನನ್ನು ಬಲ್ಲವರಿಗೂ ಬರವಿಲ್ಲ. ಭಾಲ್ಕಿಯ ಡಾಕ್ಟರು ಕನ್ನಡಕದ ಮೇಲಿನಿಂದ ನೋಡುತ್ತ ಎಲ್ಲವನ್ನೂ ಕೇಳಿದರು. ಚಟ ಏನಾದರೂ ಉಂಟೇ ಎಂದಾಗ, ಓದುವುದೊಂದೇ ಎಂದೆ. ಅವರ ಮೂಗು ಸ್ವಲ್ಪ ಅಲ್ಲಾಡಿತು. ಶೀಶೆ ಕೊಟ್ಟು ಕಳಿಸಿ, ಆಮೇಲೆ ಬಂದು ಕೂಡ್ರಿ ಎಂದರು. ನಾನು ಆ ಶೀಶೆಯನ್ನೂ ಕಣ್ಣು ಮುಚ್ಚಿಯೇ ತುಂಬಿಸಿ, ಕರವಸ್ತ್ರದಲ್ಲಿ ಸುತ್ತಿ, ಪ್ರಸಾದದಂತೆ ಎರಡೂ ಕೈಯಲ್ಲಿ ಒಯ್ದು ಕೊಟ್ಟೆ. ರಿಪೋರ್ಟು ಬರುವತನಕ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಬೀಡಿಯ ಮೇಲೆ ಬೀಡಿ.

“ಒಂದ್ ಹನಿ ರಕ್ತ ಇಲ್ಲ,” ಎಂದರು ಡಾಕ್ಟರು. “ಎಲ್ಲಾ ಸಾಫ್ ಅದ.”

ಬಚ್ಚಲಿನಲ್ಲಿ ನಾನು ಕಣ್ಣಾರೆ ನೋಡಿದ್ದೇನಲ್ಲ ಎಂದೆ. ಮೂತ್ರ ಹೊಯ್ಯುವಾಗ ನೋಡಿದ್ದೀರಾ ಎಂದು ಕೇಳಿದರು. ಇಲ್ಲ, ಕಣ್ಣು ಮುಚ್ಚಿರುತ್ತಿದ್ದೆ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಹಂಗಾದ್ರ ಅದು ನಿಮ್ಮದಲ್ರಿ. ಮನ್ಯಾಗ ಮತ್ಯಾರು ಇರ್ತಾರ?”

ಹೊರಗೆ ಬಸ್ಸೊಂದು ಹಾರ್ನು ಹೊಡೆಯುತ್ತಿತ್ತು. ಅದರ ಸದ್ದು ದೂರ ಹೋಯಿತು. ಹಂಗಾದ್ರ ಯಾರನ್ನ ಕರಕೊಂಡ್ ಹೋಗ್ತಿ ಎಂದು ಯಾರೋ ಕಿವಿಯ ಹತ್ತಿರ ಕೇಳಿದ ಹಾಗಾಯಿತು.

ಮನೆಯಲ್ಲಿ ನಾವು ಇಬ್ಬರೇ.

ಡಾಕ್ಟರು ಮಾತಾಡುತ್ತಲೇ ಇದ್ದರು. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಬಣ್ಣ ಹಚ್ಚಿಕೊಳ್ಳುವವರು ಇಷ್ಟು ಹೆದರಬೇಕಾಗಿಲ್ಲ ಎಂದರು. ಯಾರದೇ ಆಗಲಿ, ಖರೇ ರಕ್ತವಾದರೆ ಒಂದೇ ಸಲ ಕಂಡರೂ ದಿನ ಕಳೆಯದೆ ತೋರಿಸಬೇಕು ಎಂದರು. ನಾನು ಅಷ್ಟರಲ್ಲಿ ಎದ್ದು ನಿಂತಿದ್ದೆ. “ಕೂಡ್ರಿ, ಖರೇ ಅಂಜೂ ಮಾತು ಬ್ಯಾರೇನೇ ಅದ, ಅದನ್ನ ಕೇಳಿ ಹೋಗ್ರಿ,” ಎಂದು ಅವರು ಹೇಳುವುದರೊಳಗೆ ನಾನು ರಸ್ತೆಯಲ್ಲಿದ್ದೆ. ಇದನ್ನೂ ಅರ್ಧಕ್ಕೇ ಬಿಟ್ಟೆ.

ಭಾಲ್ಕಿಯಿಂದ ಬೀದರಿನ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳಿಗೆ ಯಾಕೆ? ಸೆರಗು, ಗೋಡೆಯ ಕಡೆಗೆ ತಿರುಗಿದ ಮುಖ, ಆಪಾರ ಮನೆಗೆ ಓಡುವುದು, ಎಲ್ಲಕ್ಕೂ ಈಗ ಬೇರೆ ಅರ್ಥ ಬಂತು. ನನ್ನಿಂದ ಮುಚ್ಚಿಟ್ಟು ಒಬ್ಬಳೇ ಸವೆಯುತ್ತಿದ್ದಾಳೆ. ಇಂಗ್ಲಿಷ್ ಪೇಪರಿನ ಮೂರನೇ ಸಲಕ್ಕೆ ನಾನು ಓದುವಾಗ ಈ ಮಹಾದೇವಿಯೇ ಎದುರಿಗೆ ಕೂತಿರುತ್ತಿದ್ದಳು. ಹೊಸ ಮದುವಣಗಿತ್ತಿ. ಹುರಿಗಡಲೆ ಮುಂದಿಡುತ್ತಿದ್ದಳು, ನಾನು ತೂಕಡಿಸಿದರೆ ಅದೇ ಪುಸ್ತಕದಿಂದ ತಲೆಗೆ ಬಡಿಯುತ್ತಿದ್ದಳು. ನನ್ನ ಬಿ.ಎ.ಯಲ್ಲಿ ಅರ್ಧ ಅವಳದು. ಉಳಿದರ್ಧ ಇಟ್ಟುಕೊಂಡು ನಾನೊಬ್ಬನೇ ಏನು ಮಾಡಲಿ? ಮುಂದಿನ ಸೀಟಿನ ಕಂಬಿ ಹಿಡಿದು ನಾನು ಅಪ್ಪನಿಗೆ ಬೇಡಿಕೊಂಡೆ: ಬಂದದ್ದು ಬಂದಿ, ನನ್ನನ್ನೇ ಒಯ್ಯಿ. ಇಲ್ಲಾ ಹೋಗ್ತೀನಿ ಅಂದು ಹೋಗಿಬಿಡು.

ಮನೆಗೆ ಬೀಗ ಹಾಕಿತ್ತು. ಹೊಸ್ತಿಲ ಮೇಲೆ ಒಂದು ಹನಿ. ಮೆಟ್ಟಿಲ ಮೇಲೆ ಒಂದು. ಆಮೇಲೆ ಹಾಸುಗಲ್ಲಿನ ಫರಸಿಯ ಮೇಲೆ ಸಾಲಾಗಿ, ಒಣಗಿ ಕಂದಿದ ಹನಿಗಳು, ಖೈರುನ್ ಆಪಾರ ಬಾಗಿಲಿನವರೆಗೆ. ಬಾಗಿಲು ಓರೆ ಇತ್ತು. ಅದೇ ವಾಸನೆ, ಅರೆದ ಎಲೆ, ಒದ್ದೆ ಮಣ್ಣು. ತಳ್ಳಿದೆ.

ಅಂಗಳದ ನಡುವೆ ಮಣೆಯ ಮೇಲೆ ಮಹಾದೇವಿ, ಕೊರಳ ಸುತ್ತ ಹಳೆಯ ಬಟ್ಟೆ, ತಲೆ ಹಿಂದಕ್ಕೆ ವಾಲಿ ಕಣ್ಣು ಮುಚ್ಚಿದೆ. ಅವಳ ಮೇಲೆ ಬಗ್ಗಿದ ಖೈರುನ್ ಆಪಾ. ಅವರ ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪು.

ನಾನು “ಮಾದೇವಿ, ರಕ್ತ” ಎಂದವನು ಅಲ್ಲೇ ಕಟ್ಟೆಯ ಮೇಲೆ ಕುಸಿದೆ.

ಆಪಾ ತಿರುಗಿ ನನ್ನನ್ನೂ ತಮ್ಮ ಕೈಯನ್ನೂ ನೋಡಿಕೊಂಡರು. “ಖೂನ್ ನಕ್ಕೊ ಬೋಲೊ ಭಾಯಿ,” ಎಂದರು, ರಕ್ತ ಅನ್ನಬೇಡಿ ಎಂದು. “ಮೆಹಂದಿ ಹೈ.”

ಮಹಾದೇವಿ ಕಣ್ಣು ತೆರೆದಳು. ಸೆರಗು ಹುಡುಕಿದಳು. ಅದು ಸಿಗುವ ಜಾಗದಲ್ಲಿರಲಿಲ್ಲ. ಬೈತಲೆಯ ಇಕ್ಕೆಲದಲ್ಲಿ, ಹಸಿರು ಮೆಹಂದಿ ಇನ್ನೂ ಮುಚ್ಚದ ಕಡೆ, ಕಿತ್ತಳೆ ಬಣ್ಣದ ಕೂದಲು. ಅದರ ಬುಡದಲ್ಲಿ ನನ್ನ ತಲೆಯಲ್ಲಿದ್ದಂಥದೇ ಬಿಳುಪು.

“ನೋಡಿದ್ರಲ್ಲ,” ಎಂದಳು. “ಈಗ ಸಮಾಧಾನ ಆತೇನು?”

ಸಂಗತಿ ಇಷ್ಟು. ವರ್ಷಗಟ್ಟಲೆಯಿಂದ ನನ್ನ ಬಟ್ಟಲಿನ ಉಳಿದರ್ಧ ಅವಳ ತಲೆಗೆ ಹೋಗುತ್ತಿತ್ತು. ಹುಟ್ಟುಗಪ್ಪು ಎಂದು ನಾನು ಊರ ತುಂಬ ಹೊಗಳಿಕೊಂಡು ತಿರುಗಿದ್ದರಿಂದ ಬಾಯಿ ಬಿಡುವ ಹಾಗಿರಲಿಲ್ಲ. ನಾನು ಪುಡಿ ತರುವುದು ನಿಂತಿತು, ಅವಳ ತಲೆ ಬೆಳ್ಳಗಾಯಿತು. ಕೇಳಲು ನಾಚಿಕೆ, ಅಂಗಡಿಯಿಂದ ತಾನೇ ತರಲು ಇನ್ನೂ ನಾಚಿಕೆ. ಆಪಾ ಮೆಹಂದಿ ಅರೆದು ಹಚ್ಚಿದರು. ಹಿಂದಿನ ಸಲ ಹಚ್ಚಿಸಿಕೊಂಡು ಮನೆಗೆ ಬರುವಾಗ ತೊಟ್ಟಿಕ್ಕಿದ್ದು ಫರಸಿಯ ಮೇಲಿನ ಹನಿ. ನಾನು ಏಳುವ ಮೊದಲೇ ಬಚ್ಚಲಿನಲ್ಲಿ ತೊಳೆದದ್ದು ಆ ಕೆಂಪು. ಚಿಲಕ ಹಾಕುವಾಗ ಗೋಡೆಗೆ ತಗುಲಿದ ಹೆಬ್ಬೆಟ್ಟು ಅವಳದೇ.

ನಾನೂ ನನ್ನದನ್ನೆಲ್ಲ ಹೇಳಿದೆ. ಲೇಖನ, ಕ್ಯಾನ್ಸರು, ಭಾಲ್ಕಿ, ಶೀಶೆ. ಔರಾದದ ವಿಷಯವನ್ನು ಮಾತ್ರ ಸಂಕ್ಷಿಪ್ತಗೊಳಿಸಿದೆ.

“ಒಂದ್ ಮಾತ್ ಕೇಳಿದ್ರ ಏನಾಗ್ತಿತ್ತು?” ಎಂದಳು ಮಹಾದೇವಿ. “ಸತ್ತವರ ಮಾರಿ ಮಾಡಕೊಂಡು ತಿರಗಾಡ್ಲತ್ತಿದ್ರಿ. ನನ್ನ ಬಿಳಿ ತಲಿ ಕಂಡು ಬ್ಯಾಸರ ಆಗ್ಯಾದ ಅಂತ ನಾ ತಿಳಕೊಂಡೆ.”

ಆಗ ನನಗೆ ಇನ್ನೊಂದು ಹೊಳೆಯಿತು. ಅದೇ ಬಣ್ಣ, ಅಷ್ಟೇ ವರ್ಷ ಅವಳೂ ಹಚ್ಚಿಕೊಂಡಿದ್ದಾಳೆ. ನನ್ನ ಮುಖ ನೋಡಿ ಅವಳಿಗೂ ಅದು ತಿಳಿಯಿತು.

“ಆ ಲೇಖನ ಓದ್ರಿ,” ಎಂದಳು. “ಪೂರಾ.”

ಆಪಾರ ಅಂಗಳದಲ್ಲಿ ಕೂತು ನಾನು ಜೀವನದಲ್ಲಿ ಮೊದಲ ಸಲ ಒಂದು ಬರಹವನ್ನು ಕೊನೆಯವರೆಗೆ ಓದಿದೆ. ಮನೆಯಲ್ಲಿ ಬಣ್ಣ ಹಚ್ಚಿಕೊಳ್ಳುವವರಿಗೆ ಅದರಿಂದ ಈ ಕ್ಯಾನ್ಸರ್ ಹೆಚ್ಚುತ್ತದೆ ಎನ್ನಲು ಸ್ಪಷ್ಟವಾದ ಪುರಾವೆ ಇಲ್ಲ ಎಂದಿತ್ತು. ಬಹಳ ಹಿಂದಿನ ಬಣ್ಣಗಳಲ್ಲಿದ್ದ ಕೆಲವು ಕೆಟ್ಟ ರಾಸಾಯನಿಕಗಳನ್ನು ಈಗ ಬಿಟ್ಟಿದ್ದಾರಂತೆ. ದಿನವೂ ಹತ್ತಾರು ತಲೆಗೆ ಬಣ್ಣ ಹಚ್ಚುವುದೇ ಕೆಲಸವಾದವರ ಬಗ್ಗೆ ಸಂಶಯ ಹೆಚ್ಚಿದೆ, ಅವರು ಜಾಗ್ರತೆ ವಹಿಸಬೇಕು ಎಂದಿತ್ತು. ಮಹಾದೇವಿ ದೊಡ್ಡದೊಂದು ಉಸಿರು ಬಿಟ್ಟಳು. ಆಪಾ ಮತ್ತೆ ಮೆಹಂದಿಗೆ ಕೈ ಹಾಕಿದರು. ಕೊನೆಯದೊಂದು ಸಾಲು ಉಳಿದಿತ್ತು. ಅದನ್ನು ನಾನು ಸ್ವಲ್ಪ ಮೆಲ್ಲಗೆ ಓದಿದೆ.

“ಕೇಳಿಸಲಿಲ್ಲ. ಜೋರ್ ಓದ್ರಿ.”

ಓದಿದೆ. ‘ಮೂತ್ರಕೋಶದ ಕ್ಯಾನ್ಸರಿಗೆ ಗೊತ್ತಿರುವ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ.’

ಅಂದು ಸಂಜೆ ಬೀಡಿ ಹಚ್ಚಲೆಂದು ನಾನು ಅರ್ಧಕ್ಕೆ ಬಿಟ್ಟು ಎದ್ದ ಲೇಖನದಲ್ಲಿ, ಮುಂದೆ ಕಾದು ಕೂತಿದ್ದದ್ದು ಬೀಡಿಯೇ. ಕೂದಲಿನ ಕಪ್ಪು ಬಿಟ್ಟು ಎದೆಯೊಳಗಿನ ಕಪ್ಪನ್ನು ದುಪ್ಪಟ್ಟು ಮಾಡಿಕೊಂಡಿದ್ದೆ. ಭಾಲ್ಕಿಯ ಡಾಕ್ಟರು ಕೂಡ್ರಿ ಕೂಡ್ರಿ ಎಂದದ್ದೂ ಇದನ್ನು ಹೇಳಲಿಕ್ಕೇ. ಮಹಾದೇವಿ ಕೈ ಚಾಚಿದಳು. ಕಿಸೆಯಿಂದ ಬೀಡಿ ಕಟ್ಟು ತೆಗೆದು ಕೊಟ್ಟೆ. ಅವಳು ಅದನ್ನು ಮೆಹಂದಿಯ ಬಟ್ಟಲಿನಲ್ಲಿ ಅದ್ದಿ, ಚೆನ್ನಾಗಿ ತಿರುವಿ, ಅಲ್ಲೇ ಬಿಟ್ಟಳು.

ಈಗ ನಮ್ಮ ಮನೆಯಲ್ಲಿ ಒಂದು ಕಿತ್ತಳೆ ತಲೆ, ಒಂದು ಬಿಳಿ ತಲೆ. ಅತ್ತೆಗೆ ಮುಂದಿನ ಕಣ್ಣಿನ ಕ್ಯಾಂಪಿನ ಚೀಟಿಯನ್ನು ಎರಡೂ ಬದಿ ಓದಿ ಹೇಳಬೇಕೆಂದು ಮರುದಿನ ನಾನು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳದೇ ಫೋನು ಬಂತು. ದನಿ ತಗ್ಗಿಸಿ ಮಾತಾಡಿದಳು. ಅಣ್ಣ ಬಂದಿದ್ದ ಎಂದಳು. ಅದೇ ಶಾಲು, ಅದೇ ದನಿ, ಕೂತು ಮಾತಾಡಿ ಹೋದ ಎಂದಳು.

“ಒಂದೇ ಚಿಂತಿ ಹತ್ಯಾದ ಶಿವರಾಜ. ಇರೂತನಕ ನಿಮ್ಮಪ್ಪ ಬೀಡಿ ಮುಟ್ಟಿದಾಂವ ಅಲ್ಲ. ಮೊನ್ನಿ ಮೈತುಂಬ ಬೀಡಿ ವಾಸನಿ. ಅಲ್ಲಿ ಹೋಗಿ ಕಲ್ತಾನ. ನೀ ಓದಿದಾಂವ, ಬಿಡಸಾಕ ಏನರೆ ಅದ ಏನು ನೋಡು. ಪೂರಾ ಓದಿ ಹೇಳು ಮತ್ತ.”

“ಬಿಟ್ಟಾನ ಅತ್ತಿ,” ಎಂದೆ. “ನಿನ್ನಿನೇ ಬಿಟ್ಟಾನ.”

“ನಿನಗ್ಯಾರು ಹೇಳಿದ್ರು?”

ನಾನು ಕನ್ನಡಿಯ ಕಡೆ ನೋಡಿದೆ. ಟವೆಲ್ಲು ಜಾರಿ ಬಿದ್ದಿತ್ತು. ಅಪ್ಪ ಎಡಗೈಯನ್ನು ಅಂಗಿಯ ಕಿಸೆಗೆ ಒಯ್ದು, ಅದು ಖಾಲಿ ಇರುವುದು ನೆನಪಾಗಿ, ಸುಮ್ಮನೆ ಹೊರಗೆ ತೆಗೆದ.